'ನನಗೇನೂ ಆಗಿಲ್ಲ' ಎನ್ನುವವರ ಬಗ್ಗೆ

ಹೆದ್ದಾರಿಯಲ್ಲಿ ಕಾರು ಅಪಘಾತವಾದ ಜಾಗದಲ್ಲಿ ನೀವು ಒಮ್ಮೆಯಾದರೂ ನಿಂತಿರುತ್ತೀರಿ. ಡಿವೈಡರಿಗೆ ಗುದ್ದಿದ ಕಾರಿನ ಮೂತಿ ಒಳಕ್ಕೆ ಹೋಗಿರುತ್ತದೆ. ಒಳಗಿದ್ದವರಲ್ಲಿ ಒಬ್ಬರ ಹಣೆ ಒಡೆದು ರಕ್ತ ಸುರಿಯುತ್ತಿದ್ದರೆ ಜನವೆಲ್ಲ ಅವರ ಸುತ್ತ. ಇನ್ನೊಬ್ಬರು ತಾವೇ ಬಾಗಿಲು ತೆಗೆದು ಇಳಿದು, ಅಂಗಿ ಕೊಡವಿಕೊಂಡು, 'ನನಗೇನೂ ಆಗಿಲ್ಲ, ಮೊದಲು ಅವರನ್ನು ನೋಡಿ' ಎಂದು ರಸ್ತೆ ಬದಿಯ ಕಲ್ಲಿನ ಮೇಲೆ ಕೂರುತ್ತಾರೆ. ಶಸ್ತ್ರಚಿಕಿತ್ಸಕನಾದ ನಾನು ಇವತ್ತು ಮಾತಾಡಬೇಕೆಂದಿರುವುದು ಈ ಎರಡನೆಯವರ ಬಗ್ಗೆ. ಒಡೆದ ಹಣೆಗೆ ಹೊಲಿಗೆ ಹಾಕಲು ಹೆಚ್ಚು ಹೊತ್ತು ಬೇಡ. ಕಲ್ಲಿನ ಮೇಲೆ ಕೂತವರ ಹೊಟ್ಟೆಯಲ್ಲಿ, ಎದೆಯಲ್ಲಿ ಏನು ನಡೆದಿದೆ ಎಂಬುದು ಆ ಹೊತ್ತಿಗೆ ಅವರಿಗೂ ತಿಳಿದಿರುವುದಿಲ್ಲ, ನೋಡುತ್ತ ನಿಂತವರಿಗೂ ತಿಳಿಯುವುದಿಲ್ಲ.

ಜಗತ್ತಿಗೆಲ್ಲ ಗೊತ್ತಿರುವ ಒಂದು ಅಪಘಾತವನ್ನೇ ತೆಗೆದುಕೊಳ್ಳೋಣ. 1997ರ ಆಗಸ್ಟ್ 31, ನಡುರಾತ್ರಿ ಕಳೆದು ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ಪ್ಯಾರಿಸ್ಸಿನ ಸುರಂಗ ರಸ್ತೆಯೊಂದರಲ್ಲಿ ಬ್ರಿಟನ್ನಿನ ರಾಜಕುಮಾರಿ ಡಯಾನಾ ಇದ್ದ ಕಾರು ಕಂಬಕ್ಕೆ ಅಪ್ಪಳಿಸಿತು. ಆಕೆ ಹಿಂದಿನ ಸೀಟಿನಲ್ಲಿದ್ದರು, ಬೆಲ್ಟ್ ಹಾಕಿರಲಿಲ್ಲ. ಜೊತೆಗಿದ್ದವರಲ್ಲಿ ಇಬ್ಬರು ಸ್ಥಳದಲ್ಲೇ ಸತ್ತರು. ಡಯಾನಾಗೆ ಪ್ರಜ್ಞೆಯಿತ್ತು, ಮಾತೂ ಆಡುತ್ತಿದ್ದರು. ಮೈಮೇಲೆ ಪ್ರಾಣಕ್ಕೆ ಎರವಾಗುವಂಥ ಗಾಯ ಕಾಣುತ್ತಿರಲಿಲ್ಲ. ಆದರೆ ಎಡ ಶ್ವಾಸಕೋಶದಿಂದ ಹೃದಯಕ್ಕೆ ರಕ್ತ ತರುವ ನಾಳ ಹರಿದಿತ್ತು. ಆ ನಾಳದಲ್ಲಿ ಒತ್ತಡ ಕಡಿಮೆ, ಹಾಗಾಗಿ ರಕ್ತ ಚಿಮ್ಮುವುದಿಲ್ಲ, ಸೋರುತ್ತದೆ. ಕಾರಿನಿಂದ ಹೊರಕ್ಕೆ ತೆಗೆಯುವಾಗಲೇ ಹೃದಯ ಒಮ್ಮೆ ನಿಂತಿತು. ಆಸ್ಪತ್ರೆಯಲ್ಲಿ ಎದೆ ತೆರೆದು ಹರಿದ ನಾಳಕ್ಕೆ ಹೊಲಿಗೆ ಹಾಕಿದರು. ಬೆಳಗಿನ ಜಾವ ನಾಲ್ಕಕ್ಕೆ ಆಕೆ ತೀರಿಕೊಂಡರೆಂದು ಘೋಷಿಸಿದರು. ಅಂಥ ಗಾಯ ಅಪರೂಪದ್ದು, ಎಲ್ಲಿ ಆದರೂ ಉಳಿಸುವುದು ಕಷ್ಟವೇ. ಹೊರಗೆ ಏನೂ ಕಾಣದೆ ಒಳಗೆ ಎಲ್ಲ ಹರಿದಿರಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹೀಗೇಕಾಗುತ್ತದೆ? ಕಾರು ಡಿಕ್ಕಿ ಹೊಡೆದಾಗ ನಡೆಯುವುದು ಒಂದಲ್ಲ, ಮೂರು ಡಿಕ್ಕಿ. ಮೊದಲು ಕಾರು ಕಂಬಕ್ಕೋ ಲಾರಿಗೋ ಬಡಿದು ನಿಲ್ಲುತ್ತದೆ. ಒಳಗಿನ ದೇಹ ಇನ್ನೂ ಅದೇ ವೇಗದಲ್ಲಿ ಹೋಗುತ್ತಿರುತ್ತದೆ, ಅದು ಸ್ಟೀರಿಂಗಿಗೋ ಬೆಲ್ಟಿಗೋ ಮುಂದಿನ ಸೀಟಿಗೋ ಬಡಿದು ನಿಲ್ಲುತ್ತದೆ. ಆಗಲೂ ದೇಹದೊಳಗಿನ ಅಂಗಗಳು ನಿಂತಿರುವುದಿಲ್ಲ. ತುಂಬಿದ ಸಿಟಿ ಬಸ್ಸಿನಲ್ಲಿ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದರೆ ಕಂಬಿ ಹಿಡಿದವರ ಕೈ ಮಾತ್ರ ಅಲ್ಲೇ ಉಳಿದು ಮೈಯೆಲ್ಲ ಮುಂದಕ್ಕೆ ವಾಲುತ್ತದಲ್ಲ, ಹಾಗೆಯೇ ಇದು. ಕರುಳು, ಲಿವರು, ಗುಲ್ಮ, ಹೃದಯದಿಂದ ಹೊರಡುವ ಮಹಾಪಧಮನಿ, ಇವೆಲ್ಲ ಎಲ್ಲೋ ಒಂದೊಂದು ಕಡೆ ಬಿಗಿಯಾಗಿ ಅಂಟಿಕೊಂಡು ಉಳಿದ ಕಡೆ ಸಡಿಲವಾಗಿ ತೂಗಾಡುವಂಥವು. ಅಂಟಿದ ಜಾಗಕ್ಕೂ ತೂಗಾಡುವ ಜಾಗಕ್ಕೂ ನಡುವೆ ಹರಿಯುತ್ತವೆ. ಚರ್ಮಕ್ಕೆ ಇದರ ಸುದ್ದಿಯೇ ಇರುವುದಿಲ್ಲ. ವೇಗ ಎರಡು ಪಟ್ಟಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ನಲವತ್ತರಲ್ಲಿ ಗುದ್ದುವುದಕ್ಕೂ ಎಂಬತ್ತರಲ್ಲಿ ಗುದ್ದುವುದಕ್ಕೂ ಅಷ್ಟು ಅಂತರ. ಅದಕ್ಕೇ ಒಳಪೆಟ್ಟಿನ ಅಂದಾಜನ್ನು ಚರ್ಮ ನೋಡಿ ಮಾಡಬಾರದು, ಕಾರು ನೋಡಿ ಮಾಡಬೇಕು. ಸ್ಟೀರಿಂಗ್ ಬಾಗಿದೆಯೆ? ಬಾಗಿಲು ಸೀಟಿನವರೆಗೂ ಒಳಕ್ಕೆ ಬಂದಿದೆಯೆ? ಯಾರಾದರೂ ಹೊರಕ್ಕೆ ಎಸೆಯಲ್ಪಟ್ಟರೆ? ಅದೇ ಕಾರಿನಲ್ಲಿ ಒಬ್ಬರು ಸತ್ತಿದ್ದಾರೆಯೆ? ಹಾಗಾಗಿದ್ದರೆ ಉಳಿದವರ ಮೈಮೇಲೆ ಗೀರೂ ಇಲ್ಲದಿದ್ದರೂ ಅವರನ್ನು ದೊಡ್ಡ ಆಸ್ಪತ್ರೆಗೇ ಕರೆದೊಯ್ಯಬೇಕು.

ಹೊಟ್ಟೆಗೆ ಮೂಗೇಟು ಬಿದ್ದಾಗ ಹೆಚ್ಚಾಗಿ ಪೆಟ್ಟು ತಿನ್ನುವ ಅಂಗಗಳು ಎರಡು, ಬಲಗಡೆ ಲಿವರು, ಎಡಗಡೆ ಗುಲ್ಮ. ಗುಲ್ಮದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಮೋಸ ಮಾಡುವುದರಲ್ಲಿ ಅದರದ್ದೇ ಮೇಲುಗೈ. ಮುಷ್ಟಿಯಷ್ಟು ಗಾತ್ರ, ಸುಮಾರು 150 ಗ್ರಾಂ ತೂಕ, ಎಡ ಪಕ್ಕೆಯ ಕೆಳಗಿನ ಎಲುಬುಗಳ ಮರೆಯಲ್ಲಿ ಅಡಗಿ ಕೂತಿರುತ್ತದೆ. ಸದಾ ರಕ್ತ ತುಂಬಿಕೊಂಡಿರುವ ಮೆತ್ತನೆಯ ಅಂಗ, ಮೇಲೊಂದು ತೆಳ್ಳನೆಯ ಪೊರೆ. ಡಿಕ್ಕಿಯಲ್ಲಿ ಕೆಲವು ಸಲ ಒಳಗಿನ ಮಾಂಸ ಸೀಳುತ್ತದೆ, ಪೊರೆ ಮಾತ್ರ ಹರಿಯದೆ ಉಳಿಯುತ್ತದೆ. ರಕ್ತ ಪೊರೆಯೊಳಗೇ ಕೂಡುತ್ತಾ ಹೋಗುತ್ತದೆ. ಮನುಷ್ಯ ಎದ್ದು ಓಡಾಡುತ್ತಾನೆ, ಊಟ ಮಾಡುತ್ತಾನೆ, 'ಪಕ್ಕೆ ಸ್ವಲ್ಪ ಹಿಡಿದುಕೊಂಡಿದೆ' ಎನ್ನುತ್ತಾನೆ. ಎರಡು ದಿನಕ್ಕೋ ವಾರಕ್ಕೋ ಒಂದು ದಿನ ಕೆಮ್ಮಿದಾಗ ಇಲ್ಲವೇ ಬಕೆಟ್ಟು ಎತ್ತುವಾಗ ಪೊರೆ ಒಡೆಯುತ್ತದೆ. ಆಗ ಅಪಘಾತದ ನೆನಪೇ ಯಾರಿಗೂ ಇರುವುದಿಲ್ಲ.

ಮಲೆನಾಡಿನ ಹಿರಿಯರಿಗೆ ಜ್ವರಗಡ್ಡೆ ಎಂದರೆ ತಕ್ಷಣ ಗೊತ್ತಾಗುತ್ತದೆ. ಮಲೇರಿಯಾ ಊರೂರನ್ನು ಹಾಳುಗೆಡವಿದ ಕಾಲದಲ್ಲಿ ಮಕ್ಕಳ ಹೊಟ್ಟೆಯ ಎಡಭಾಗದಲ್ಲಿ ಕೈಗೆ ಸಿಗುತ್ತಿದ್ದ ಗಡ್ಡೆ ಈ ಗುಲ್ಮವೇ, ಊದಿಕೊಂಡದ್ದು. ಊದಿದ ಗುಲ್ಮ ಸಣ್ಣ ಪೆಟ್ಟಿಗೂ ಒಡೆಯುತ್ತದೆ. ಬ್ರಿಟಿಷರ ಕಾಲದಲ್ಲಿ ದೊರೆ ಒದ್ದು ಆಳು ಸತ್ತ ಎಷ್ಟೋ ಪ್ರಕರಣಗಳಲ್ಲಿ, 'ಇವನ ಗುಲ್ಮವೇ ದುರ್ಬಲವಾಗಿತ್ತು' ಎಂದು ಕೋರ್ಟುಗಳು ದೊರೆಯನ್ನು ಸಣ್ಣ ದಂಡಕ್ಕೆ ಬಿಟ್ಟುಬಿಡುತ್ತಿದ್ದವು. ಅದು ಬೇರೆಯೇ ಕಥೆ. ಇವತ್ತಿಗೆ ಬೇಕಾದ ಮಾತು ಇಷ್ಟು: ಇತ್ತೀಚೆಗೆ ಮಲೇರಿಯಾ, ಟೈಫಾಯ್ಡ್‌ನಂಥ ಜ್ವರ ಬಂದು ಹೋದವರು ಅಪಘಾತಕ್ಕೆ ಸಿಕ್ಕರೆ ಅದನ್ನು ವೈದ್ಯರಿಗೆ ಮರೆಯದೆ ಹೇಳಿ.

ಗುಲ್ಮ ಒಡೆದದ್ದನ್ನು ಸೂಚಿಸುವ ಒಂದು ವಿಚಿತ್ರ ಲಕ್ಷಣವಿದೆ. ನೋವು ಹೊಟ್ಟೆಯಲ್ಲಿ ಬರುವ ಬದಲು ಎಡ ಭುಜದ ತುದಿಯಲ್ಲಿ ಬರುತ್ತದೆ. ಭುಜಕ್ಕೆ ಪೆಟ್ಟೇ ಬಿದ್ದಿರುವುದಿಲ್ಲ, ಕೈ ಎತ್ತಿ ಇಳಿಸಲು ತೊಂದರೆಯೂ ಇರುವುದಿಲ್ಲ, ಆದರೆ ಅಂಗಾತ ಮಲಗಿದ ಕೂಡಲೇ ಭುಜ ನೋಯುತ್ತದೆ. ಹೊಟ್ಟೆಯಲ್ಲಿ ಚೆಲ್ಲಿದ ರಕ್ತ ಎದೆಗೂ ಹೊಟ್ಟೆಗೂ ನಡುವಿನ ವಪೆಯನ್ನು ಕೆರಳಿಸುತ್ತದೆ. ವಪೆಯ ನರವೂ ಭುಜದ ಚರ್ಮದ ನರವೂ ಕತ್ತಿನಲ್ಲಿ ಒಂದೇ ಕಡೆಯಿಂದ ಹೊರಡುವುದರಿಂದ ಮಿದುಳಿಗೆ ನೋವು ಎಲ್ಲಿಂದ ಬಂತೆಂಬುದು ಗೊತ್ತಾಗುವುದಿಲ್ಲ. ಜರ್ಮನಿಯ ಶಸ್ತ್ರಚಿಕಿತ್ಸಕ ಹಾನ್ಸ್ ಕೇರ್ ಅವರ ಹೆಸರಿನಲ್ಲಿ ಈ ಲಕ್ಷಣವನ್ನು ನಾವೆಲ್ಲ ವಿದ್ಯಾರ್ಥಿಗಳಾಗಿದ್ದಾಗಲೇ ಕಲಿತಿರುತ್ತೇವೆ. ಮನೆಗಳಲ್ಲಿ ಇದಕ್ಕೆ ಆಗುವ ಉಪಚಾರವೆಂದರೆ ಭುಜಕ್ಕೆ ಎಣ್ಣೆ ತಿಕ್ಕಿ ಬಿಸಿನೀರು ಹುಯ್ಯುವುದು. ಲಿವರಿಗೆ ಪೆಟ್ಟಾದರೆ ಇದೇ ನೋವು ಬಲ ಭುಜಕ್ಕೆ ಬರಬಹುದು.

ಒಳಗೆ ರಕ್ತ ಸೋರುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಬಿಪಿ ನೋಡಿದರೆ ಸಾಕು ಎಂದು ಬಹಳ ಜನ ನಂಬಿದ್ದಾರೆ. ಬಿಪಿ ನಾರ್ಮಲ್ ಇದೆ ಎಂದರೆ ಎಲ್ಲರಿಗೂ ನಿರಾಳ. ಆದರೆ ಲೆಕ್ಕ ನೋಡಿ. ಅರವತ್ತು ಕೆಜಿ ತೂಕದವರ ದೇಹದಲ್ಲಿ ನಾಲ್ಕು ಲೀಟರಿಗಿಂತ ಸ್ವಲ್ಪ ಹೆಚ್ಚು ರಕ್ತವಿರುತ್ತದೆ. ರಕ್ತದಾನ ಶಿಬಿರದಲ್ಲಿ 350 ಮಿಲಿ ಕೊಟ್ಟು, ಜ್ಯೂಸ್ ಕುಡಿದು ನಡೆದುಹೋಗುತ್ತೇವೆ. ಅದರ ಹೆಚ್ಚುಕಡಿಮೆ ಎರಡರಷ್ಟು ಹೊಟ್ಟೆಯೊಳಗೆ ಸೋರಿದರೂ ಆರೋಗ್ಯವಂತರಲ್ಲಿ ಹೊರಗೆ ಏನೂ ಕಾಣದಿರಬಹುದು. ಒಂದು ಲೀಟರ್ ದಾಟಿದ ಮೇಲೂ ಬಿಪಿ ಸುಮಾರಾಗಿ ಸರಿಯಾಗಿಯೇ ಇರುತ್ತದೆ. ದೇಹ ರಕ್ತನಾಳಗಳನ್ನು ಬಿಗಿಮಾಡಿ, ಹೃದಯವನ್ನು ಓಡಿಸಿ, ಒತ್ತಡ ಬೀಳದಂತೆ ಹಿಡಿದಿಟ್ಟುಕೊಳ್ಳುತ್ತದೆ. ಮೈಯಲ್ಲಿನ ರಕ್ತದ ಮೂರನೇ ಒಂದು ಭಾಗದಷ್ಟು ಹೋದಾಗ ಆ ಹಿಡಿತ ತಪ್ಪುತ್ತದೆ. ಬಿಪಿ ಒಮ್ಮೆಗೇ ಕುಸಿಯುತ್ತದೆ. ಅಲ್ಲಿಂದ ಮುಂದೆ ನಮಗಿರುವುದು ನಿಮಿಷಗಳ ಲೆಕ್ಕ.

ಮೊದಲು ಬದಲಾಗುವುದು ನಾಡಿ. ಹೆಬ್ಬೆರಳಿನ ಬುಡಕ್ಕೆ ಸ್ವಲ್ಪ ಕೆಳಗೆ, ಮಣಿಕಟ್ಟಿನ ಮೇಲೆ, ಎರಡು ಬೆರಳಿಟ್ಟು ಒಂದು ನಿಮಿಷ ಎಣಿಸುವುದನ್ನು ಹೈಸ್ಕೂಲು ಓದುವ ಮಕ್ಕಳೂ ಮಾಡಬಲ್ಲರು. ದೊಡ್ಡವರಲ್ಲಿ ಅರವತ್ತರಿಂದ ನೂರರವರೆಗೆ ಸರಿ. ಅಪಘಾತವಾದ ಕೂಡಲೇ ಹೆದರಿಕೆಗೆ ಯಾರದ್ದಾದರೂ ನಾಡಿ ಓಡುತ್ತದೆ, ಅದಕ್ಕೆ ಗಾಬರಿ ಬೇಡ. ಅರ್ಧ ಗಂಟೆ ಸುಧಾರಿಸಿಕೊಂಡ ಮೇಲೆ ಅದು ಇಳಿಯಬೇಕು. ಇಳಿಯುವ ಬದಲು 90 ಇದ್ದದ್ದು 100, ಆಮೇಲೆ 112 ಎಂದು ಏರುತ್ತಿದ್ದರೆ ಎಲ್ಲೋ ರಕ್ತ ಹೋಗುತ್ತಿದೆ ಎಂದೇ ತಿಳಿಯಿರಿ. ಒಂದು ಸಲ ನೋಡಿದ ಸಂಖ್ಯೆಗಿಂತ ಅದು ಯಾವ ಕಡೆಗೆ ಹೋಗುತ್ತಿದೆ ಎಂಬುದೇ ಮುಖ್ಯ. ಆದ್ದರಿಂದ ಎಣಿಸಿದ್ದನ್ನು ಸಮಯದ ಜೊತೆ ಒಂದು ಚೀಟಿಯಲ್ಲಿ ಬರೆದಿಡಿ. ಆ ಚೀಟಿ ತಂದುಕೊಟ್ಟ ನೆಂಟರನ್ನು ಯಾವ ವೈದ್ಯನೂ ಮರೆಯುವುದಿಲ್ಲ.

ನಾಡಿಯ ಜೊತೆಗೆ ಬರುವ ಲಕ್ಷಣಗಳನ್ನು ನಮ್ಮ ಜನ ಬೇರೆ ಬೇರೆಯಾಗಿ ಅರ್ಥ ಮಾಡಿಕೊಳ್ಳುತ್ತಾರೆ. ರಕ್ತ ಕಡಿಮೆಯಾದವರಿಗೆ ವಿಪರೀತ ಬಾಯಾರಿಕೆ. ಅವರು ನೀರು ಕೇಳುತ್ತಾರೆ, ಕರುಣೆ ಇರುವ ಜನ ನೀರು, ಸೋಡಾ, ಎಳನೀರು ಎಲ್ಲ ಕುಡಿಸುತ್ತಾರೆ. ದಯವಿಟ್ಟು ಕುಡಿಸಬೇಡಿ. ತುರ್ತು ಆಪರೇಷನ್ನಿಗೆ ಅರಿವಳಿಕೆ ಕೊಡುವಾಗ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ತುಟಿ ಒದ್ದೆ ಮಾಡಿ, ಸಾಕು. ಮೈ ತಣ್ಣಗಾಗಿ ಬೆವರುವುದನ್ನು 'ಹೆದರಿಕೊಂಡಿದ್ದಾನೆ' ಎನ್ನುತ್ತಾರೆ. ಹೊಟ್ಟೆ ಬಿಗಿದರೆ ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗಿಸುತ್ತಾರೆ. ಮಿದುಳಿಗೆ ರಕ್ತ ಸಾಲದೆ ಚಡಪಡಿಸುವವರನ್ನು, ಕೈ ಕೊಸರಿ ಏಳಲು ಹೋಗುವವರನ್ನು, ಸಿಟ್ಟಾಗಿ ಬಯ್ಯುವವರನ್ನು 'ಕುಡಿದಿದ್ದಾನೆ' ಎಂದು ಬಿಟ್ಟುಬಿಡುತ್ತಾರೆ. ಒಂದು ವೇಳೆ ನಿಜವಾಗಿಯೂ ಕುಡಿದಿದ್ದರೆ ಅವರನ್ನು ಇನ್ನೂ ಹೆಚ್ಚು ಎಚ್ಚರದಿಂದ ನೋಡಬೇಕು, ಏಕೆಂದರೆ ಹೆಂಡ ನೋವನ್ನು ಮರೆಸುತ್ತದೆ. ಊರಿನ ಕ್ಲಿನಿಕ್ಕಿನಲ್ಲಿ ಒಂದು ಟಿಟಿ, ಒಂದು ನೋವಿನ ಇಂಜೆಕ್ಷನ್ ಹಾಕಿಸಿಕೊಂಡು ಮನೆಗೆ ಹೋಗುವುದರ ಅಪಾಯವೂ ಇದೇ. ನೋವು ಕಡಿಮೆಯಾಗುತ್ತದೆ, ಪೆಟ್ಟು ಹಾಗೇ ಇರುತ್ತದೆ.

ಬೆಲ್ಟಿನ ಮಾತಿಗೆ ಬರೋಣ. ಅಪಘಾತದ ಮರುದಿನ ಹೊಟ್ಟೆಯ ಮೇಲೆ ಅಡ್ಡಲಾಗಿ ನೀಲಿ ಪಟ್ಟಿ ಮೂಡಿದ್ದರೆ ಅದನ್ನು ಬರೀ ತರಚು ಎಂದುಕೊಳ್ಳಬೇಡಿ. ಬೆಲ್ಟು ಒತ್ತಿದ ಜಾಗದಲ್ಲಿ ಕರುಳು ಬೆನ್ನೆಲುಬಿಗೆ ಸಿಕ್ಕಿ ಜಜ್ಜಿರಬಹುದು, ಬೆನ್ನೆಲುಬಿನ ಮೂಳೆಯೇ ಸೀಳಿರಬಹುದು. ಕರುಳಿನ ಗಾಯ ಗುಲ್ಮದಷ್ಟು ರಕ್ತ ಸುರಿಸುವುದಿಲ್ಲ. ಸಣ್ಣ ತೂತಿನಿಂದ ಮಲ ಸೋರಿ, ಎರಡನೆಯ ದಿನ ಜ್ವರ, ವಾಂತಿ, ಮುಟ್ಟಿದರೆ ಸಾಕು ಎನ್ನುವಂಥ ನೋವು, ಹಲಗೆಯಂತೆ ಗಟ್ಟಿಯಾದ ಹೊಟ್ಟೆ, ಹೀಗೆ ಹೊರಬೀಳುತ್ತದೆ. ಮೊದಲ ದಿನದ ಸಿಟಿ ಸ್ಕ್ಯಾನಿನಲ್ಲೂ ಇದು ತಪ್ಪಿಹೋಗಬಹುದು. ಇದನ್ನು ಕೇಳಿ 'ಹಾಗಾದರೆ ಬೆಲ್ಟೇ ಬೇಡ' ಎನ್ನುವವರು ಇದ್ದಾರೆ. ಬೆಲ್ಟ್ ಇಲ್ಲದಿದ್ದರೆ ಆ ನೀಲಿ ಪಟ್ಟಿ ನೋಡಲು ನಿಮ್ಮನ್ನು ಆಸ್ಪತ್ರೆಯವರೆಗೆ ತರುವ ಅಗತ್ಯವೇ ಬೀಳುತ್ತಿರಲಿಲ್ಲ ಎಂದಷ್ಟೇ ಅವರಿಗೆ ನನ್ನ ಉತ್ತರ. 2022ರ ಸೆಪ್ಟೆಂಬರಿನಲ್ಲಿ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ಸತ್ತಾಗ ಅವರು ಕೂತಿದ್ದದ್ದು ಒಳ್ಳೆಯ ಕಾರಿನ ಹಿಂದಿನ ಸೀಟಿನಲ್ಲಿ, ಬೆಲ್ಟ್ ಹಾಕದೆ. ಬೆಲ್ಟಿನ ಕೆಳಪಟ್ಟಿ ಮೆತ್ತನೆಯ ಹೊಟ್ಟೆಯ ಮೇಲೆ ಬರಬಾರದು, ಸೊಂಟದ ಮೂಳೆಗಳ ಮೇಲೆ ತಗ್ಗಾಗಿ ಕೂರಬೇಕು.

ಎದೆಯ ಪೆಟ್ಟಿನಲ್ಲಿ ನೋಡಬೇಕಾದದ್ದು ಉಸಿರು. ಮುರಿದ ಪಕ್ಕೆಲುಬು ಶ್ವಾಸಕೋಶಕ್ಕೆ ಚುಚ್ಚಿದರೆ ಗಾಳಿಯೋ ರಕ್ತವೋ ಎದೆಯಲ್ಲಿ ತುಂಬಿ ಉಸಿರು ಗಂಟೆಯಿಂದ ಗಂಟೆಗೆ ಗಿಡ್ಡವಾಗುತ್ತದೆ. ಒಂದು ವಾಕ್ಯ ಮುಗಿಸಲು ನಡುವೆ ನಿಲ್ಲಬೇಕಾದರೆ ತಡ ಮಾಡಬೇಡಿ. ಎಡಗಡೆಯ ಕೆಳ ಪಕ್ಕೆಲುಬು ಮುರಿದವರಲ್ಲಿ ಗುಲ್ಮವನ್ನೂ, ಬಲಗಡೆಯದು ಮುರಿದವರಲ್ಲಿ ಲಿವರನ್ನೂ ನಾವು ಮೊದಲು ಅನುಮಾನಿಸುತ್ತೇವೆ. ಮೂತ್ರ ಕೆಂಪಾದರೆ ಕಿಡ್ನಿಯದೋ ಮೂತ್ರಕೋಶದ್ದೋ ಪೆಟ್ಟು. ಮೂತ್ರ ಹೋಗಲೇ ಇಲ್ಲವೆಂದರೆ ಅದೂ ಹೇಳಬೇಕಾದ ಸಂಗತಿಯೇ.

ತಲೆಯೊಳಗಿನ ಪೆಟ್ಟಿಗೆ ಇನ್ನೊಂದು ಇಡೀ ಭಾಷಣ ಬೇಕು. ಆದರೂ ಒಂದು ಮಾತು. ಕಿವಿಯ ಮೇಲ್ಭಾಗದಲ್ಲಿ, ಕಣತಲೆಯ ಮೂಳೆ ತೆಳ್ಳಗಿರುವಲ್ಲಿ, ಒಳಗೊಂದು ರಕ್ತನಾಳ ಹಾದುಹೋಗುತ್ತದೆ. ಅದು ಹರಿದವರು ಕ್ಷಣಕಾಲ ಪ್ರಜ್ಞೆ ತಪ್ಪಿ, ಮತ್ತೆ ಎದ್ದು ಕೂತು, ಚೆನ್ನಾಗಿಯೇ ಮಾತಾಡಿ, ಕೆಲವು ಗಂಟೆಗಳ ಮೇಲೆ ಪುನಃ ಕುಸಿಯಬಹುದು. ನಟಿ ನತಾಶಾ ರಿಚರ್ಡ್‌ಸನ್ 2009ರ ಮಾರ್ಚಿನಲ್ಲಿ ಕೆನಡಾದಲ್ಲಿ ಹಿಮದ ಮೇಲೆ ಜಾರುವ ಆಟ ಕಲಿಯುವಾಗ ಬಿದ್ದರು. ಅದು ಕಾರು ಅಪಘಾತವಲ್ಲ, ಪೆಟ್ಟು ಮಾತ್ರ ಇದೇ ಜಾತಿಯದು. ಏನೂ ಆಗಿಲ್ಲವೆಂದು ಮೊದಲು ಬಂದ ಆಂಬುಲೆನ್ಸನ್ನು ವಾಪಸು ಕಳಿಸಿದರು. ಎರಡು ದಿನದಲ್ಲಿ ತೀರಿಕೊಂಡರು. ಏರುತ್ತಲೇ ಇರುವ ತಲೆನೋವು, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಕೇಳಿದ್ದನ್ನೇ ಕೇಳುವುದು, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ.

ವಯಸ್ಸಾದವರಲ್ಲಿ ಮೇಲೆ ಹೇಳಿದ ಲೆಕ್ಕಗಳೆಲ್ಲ ಏರುಪೇರಾಗುತ್ತವೆ. ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆ ತೆಗೆದುಕೊಳ್ಳುವವರ ನಾಡಿ ರಕ್ತ ಸೋರಿದರೂ ಏರುವುದಿಲ್ಲ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ಹೆಪ್ಪುಗಟ್ಟದ ಮಾತ್ರೆ ನುಂಗುವವರಿಗೆ ಸಣ್ಣ ಪೆಟ್ಟಿನ ಸೋರಿಕೆಯೂ ನಿಲ್ಲುವುದಿಲ್ಲ. ಅಜ್ಜನ ಮಾತ್ರೆಯ ಚೀಟಿ ಮನೆಯಲ್ಲೇ ಬಿಟ್ಟು ಬರಬೇಡಿ. ತಲೆಗೆ ಪೆಟ್ಟಾಗಿ ಮೂರು ವಾರವಾದ ಮೇಲೆ ಅಜ್ಜಿ ಕಾಲೆಳೆದು ನಡೆಯುತ್ತಿದ್ದರೆ, ಮರೆವು ಹೆಚ್ಚಾದರೆ, ಅದು ವಯಸ್ಸಿನದ್ದೇ ಆಗಿರಬೇಕಿಲ್ಲ. ಮಿದುಳಿನ ಮೇಲೆ ನಿಧಾನವಾಗಿ ರಕ್ತ ಕೂಡಿರಬಹುದು. ಅದನ್ನು ತೆಗೆದರೆ ಎಷ್ಟೋ ಜನ ಮೊದಲಿನಂತಾಗುತ್ತಾರೆ. ಮಕ್ಕಳ ಪಕ್ಕೆಲುಬು ಬಳುಕುತ್ತವೆ, ಆದ್ದರಿಂದ ಮೂಳೆ ಮುರಿಯದೆಯೇ ಒಳಗಿನ ಅಂಗ ಜಜ್ಜಿರುತ್ತದೆ. ಎಕ್ಸ್‌ರೇ ಸರಿಯಿದೆ ಎಂದು ಮಕ್ಕಳ ವಿಷಯದಲ್ಲಿ ನಂಬಿ ಕೂರುವಂತಿಲ್ಲ.

ಬಸುರಿ ಹೆಂಗಸರಂತೂ ಎಷ್ಟೇ ಸಣ್ಣ ಡಿಕ್ಕಿಯಾದರೂ ಆಸ್ಪತ್ರೆಗೆ ಹೋಗಲೇಬೇಕು. ಬಸಿರಿನಲ್ಲಿ ಮೈಯಲ್ಲಿ ರಕ್ತ ಹೆಚ್ಚಿರುವುದರಿಂದ ತಾಯಿಯ ನಾಡಿ, ಬಿಪಿ ಬಹಳ ಹೊತ್ತು ಸರಿಯಾಗಿಯೇ ತೋರುತ್ತವೆ. ಅಷ್ಟರಲ್ಲಿ ಮಾಸು ಗರ್ಭಕೋಶದಿಂದ ಕಳಚಿಕೊಂಡು ಮಗುವಿಗೆ ರಕ್ತ ಸಿಗದಂತಾಗಿರಬಹುದು. ಹೊಟ್ಟೆ ಬಿಗಿಯುವುದು, ರಕ್ತಸ್ರಾವ, ಮಗುವಿನ ಅಲುಗಾಟ ಕಡಿಮೆಯಾಗುವುದು, ಇವೆಲ್ಲ ಕಾಣುವವರೆಗೆ ಕಾಯಬಾರದು. ತಾಯಿ ಚೆನ್ನಾಗಿದ್ದರೂ ಮಗುವಿನ ಎದೆಬಡಿತವನ್ನು ಕೆಲವು ಗಂಟೆ ಗಮನಿಸಿಯೇ ಕಳಿಸಬೇಕು.

ಈಗ ಮತ್ತೆ ರಸ್ತೆಗೆ ಬರೋಣ. ಡಿಕ್ಕಿಯಾದ ಮೇಲೆ ನಮ್ಮಲ್ಲಿ ಮೊದಲು ಶುರುವಾಗುವುದು ರಾಜಿ ಪಂಚಾಯಿತಿ. ತಪ್ಪು ಯಾರದು, ಬಂಪರಿಗೆಷ್ಟು, ಇನ್ಶೂರೆನ್ಸ್ ಸಿಗುತ್ತದೋ ಇಲ್ಲವೋ. ಜಜ್ಜಿದ ಬಾಗಿಲಿಗೆ ನಾಲ್ಕು ಕಡೆಯಿಂದ ಫೋಟೊ ತೆಗೆಯುತ್ತೇವೆ, ಕಲ್ಲಿನ ಮೇಲೆ ಕೂತವರ ನಾಡಿಯನ್ನು ಯಾರೂ ಹಿಡಿಯುವುದಿಲ್ಲ. ಫೋಟೊ ಬೇಡವೆನ್ನುತ್ತಿಲ್ಲ. ಅದನ್ನು ವೈದ್ಯರಿಗೂ ತೋರಿಸಿ, ನಮಗೆ ಅದರಿಂದ ಬಹಳ ಉಪಯೋಗವಿದೆ. ಎಲ್ಲಿ ಕೂತಿದ್ದರು, ಬೆಲ್ಟ್ ಇತ್ತೆ, ಏರ್‌ಬ್ಯಾಗ್ ತೆರೆಯಿತೆ, ವೇಗವೆಷ್ಟಿತ್ತು ಎಂದು ಮುಚ್ಚುಮರೆಯಿಲ್ಲದೆ ಹೇಳಿ.

ಗಾಯಗೊಂಡವರನ್ನು ಆಸ್ಪತ್ರೆಗೆ ಕರೆದೊಯ್ದರೆ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸು, ಆಗುತ್ತದೆ, ಪೊಲೀಸು, ಕೋರ್ಟು ಎಂದು ಹಿಂಜರಿಯುವವರಿಗೆ: ಅಪಘಾತದಲ್ಲಿ ನೆರವಾದವರಿಗೆ ಕಿರುಕುಳ ಕೊಡಬಾರದೆಂದು ಸುಪ್ರೀಂ ಕೋರ್ಟ್ 2016ರಲ್ಲೇ ಮಾರ್ಗಸೂಚಿಗಳನ್ನು ಒಪ್ಪಿ ಕಡ್ಡಾಯ ಮಾಡಿದೆ. ಕರ್ನಾಟಕ ಅದೇ ವರ್ಷ ಇದಕ್ಕೆಂದೇ ಪ್ರತ್ಯೇಕ ಶಾಸನ ರೂಪಿಸಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಯಲ್ಲೇ ಈ ರಕ್ಷಣೆ ಸೇರಿದೆ. ದುಡ್ಡಿನ ಚಿಂತೆ ಇರುವವರಿಗೆ ಇನ್ನೊಂದು ಸಂಗತಿ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಲ್ಲಿ ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ ಏಳು ದಿನಗಳವರೆಗೆ, ಒಬ್ಬರಿಗೆ ಒಂದೂವರೆ ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಕೈಯಿಂದ ಹಣ ಕಟ್ಟಬೇಕಿಲ್ಲ. ಆಂಬುಲೆನ್ಸಿಗೆ 108, ಪೊಲೀಸರೂ ಬೇಕಾದರೆ 112.

ಆಸ್ಪತ್ರೆಯಲ್ಲಿ ಹೊಟ್ಟೆಗೆ ಅಲ್ಟ್ರಾಸೌಂಡ್ ಮಾಡುತ್ತೇವೆ. ಕೆಲವೇ ನಿಮಿಷದ ಪರೀಕ್ಷೆ, ರಕ್ತ ಕೂಡಿದ್ದರೆ ತೋರಿಸುತ್ತದೆ. ಸ್ವಲ್ಪವೇ ಕೂಡಿದ್ದರೆ ತೋರಿಸದೆಯೂ ಇರಬಹುದು, ಅದಕ್ಕೇ ಕೆಲವು ಗಂಟೆಗಳ ಮೇಲೆ ಮತ್ತೆ ಮಾಡುತ್ತೇವೆ, ಅನುಮಾನ ಉಳಿದರೆ ಸಿಟಿ. ಪೆಟ್ಟು ಸಿಕ್ಕಿತೆಂದ ಮಾತ್ರಕ್ಕೆ ಹೊಟ್ಟೆ ಕೊಯ್ಯುತ್ತಾರೆಂದು ಹೆದರಬೇಕಿಲ್ಲ. ಒಂದು ಕಾಲದಲ್ಲಿ ಒಡೆದ ಗುಲ್ಮವನ್ನೆಲ್ಲ ಕಿತ್ತು ತೆಗೆಯುತ್ತಿದ್ದರು. ಈಗ ನಾಡಿ, ಬಿಪಿ ಸ್ಥಿರವಾಗಿರುವವರಲ್ಲಿ ಹೆಚ್ಚಿನವರನ್ನು ಆಪರೇಷನ್ ಇಲ್ಲದೆಯೇ, ಮಲಗಿಸಿ, ಗಂಟೆಗಂಟೆಗೂ ನೋಡುತ್ತ ಗುಣಪಡಿಸುತ್ತೇವೆ. ಆ 'ನೋಡುತ್ತ' ಎನ್ನುವುದೇ ಇಲ್ಲಿ ಔಷಧ. ತೊಡಕು ಬರುವುದೂ ಅಲ್ಲೇ. 'ಸ್ಕ್ಯಾನ್ ನಾರ್ಮಲ್ ಇದೆಯಲ್ಲ ಡಾಕ್ಟ್ರೇ, ಸುಮ್ಮನೆ ಯಾಕೆ ಇಟ್ಟುಕೊಳ್ತೀರಿ' ಎಂದು ನೆಂಟರು ಜಗಳಕ್ಕೆ ನಿಲ್ಲುತ್ತಾರೆ. ಬಿಲ್ಲು ಏರಿಸಲು ಇಟ್ಟುಕೊಳ್ಳುವ ಆಸ್ಪತ್ರೆಗಳು ಇರುವುದರಿಂದ ಆ ಅನುಮಾನವನ್ನು ತಪ್ಪೆನ್ನಲಾರೆ. ಏನನ್ನು ಕಾಯುತ್ತಿದ್ದೀರಿ, ಎಷ್ಟು ಹೊತ್ತಿಗೊಮ್ಮೆ ನೋಡುತ್ತೀರಿ ಎಂದು ಕೇಳಿ, ಕೇಳುವುದು ನಿಮ್ಮ ಹಕ್ಕು. ಒಳಗಿನ ಪೆಟ್ಟಿಗೆ ಒಬ್ಬರನ್ನು ಇರಿಸಿಕೊಂಡ ವೈದ್ಯ ಅದಕ್ಕೆ ನೇರವಾಗಿ ಉತ್ತರಿಸಬಲ್ಲ. ಉತ್ತರ ಸರಿಯೆನಿಸಿದರೆ ಆ ಒಂದು ರಾತ್ರಿ ಉಳಿಯಿರಿ. ಮನೆಗೆ ಕಳಿಸಿದರೂ ಮೊದಲ ಇಪ್ಪತ್ನಾಲ್ಕು ಗಂಟೆ ಅವರೊಬ್ಬರನ್ನೇ ಬಿಡಬೇಡಿ, ನಾಡಿ ಎಣಿಸಲು ಬರುವವರೊಬ್ಬರು ಅದೇ ಕೋಣೆಯಲ್ಲಿ ಮಲಗಲಿ, ಭಾರ ಎತ್ತುವುದು, ಬೈಕು ಓಡಿಸುವುದು ಯಾವಾಗಿನಿಂದ ಎಂಬುದನ್ನು ವೈದ್ಯರನ್ನು ಕೇಳಿಯೇ ತೀರ್ಮಾನಿಸಿ.